ಒಂದು ಆಲ್ಬಮ್ಮಿಗೆ ಎಷ್ಟು ಬಿತ್ತು?

ಹಾಡಿನ ಹುಚ್ಚು ಹತ್ತಿದವರು ತಿಂಗಳ ಕೊನೆಗೆ ಒಂದೆಡೆ ಸೇರಿದರೆ ಮಾತು ಶುರುವಾಗುವುದು ರಾಗದಿಂದಲೂ ಅಲ್ಲ, ಗಾಯಕರಿಂದಲೂ ಅಲ್ಲ, ಲೆಕ್ಕದಿಂದ. ಈ ಸಲ ಯಾವ ಆಲ್ಬಂ ತಗೊಂಡಿರಿ, ಎಲ್ಲಿ ಸಿಕ್ಕಿತು, ಹೊಸದೋ ಸೆಕೆಂಡ್‌ಹ್ಯಾಂಡೋ, ಎಷ್ಟು ಬಿತ್ತು? ಕೊನೆಯ ಪ್ರಶ್ನೆಗೆ ಉತ್ತರ ಬಂದ ಕೂಡಲೇ ಪಕ್ಕದವರು ನಿಟ್ಟುಸಿರು ಬಿಟ್ಟು ‘ಮೊದಲೆಲ್ಲ ಇಷ್ಟಿರಲಿಲ್ಲ’ ಎನ್ನುತ್ತಾರೆ. ಈ ನಿಟ್ಟುಸಿರು ಎಷ್ಟು ನಿಜ ಎಂದು ನೋಡಲು ಅಮೆರಿಕದ ಅಂಕಿಗಳೇ ಅನುಕೂಲ. ಅಲ್ಲಿನ ಧ್ವನಿಮುದ್ರಣ ಉದ್ಯಮ ಸಂಘ 1973ರಿಂದ ಪ್ರತಿ ವರ್ಷ ಎಷ್ಟು ಎಲ್‌ಪಿ, ಎಷ್ಟು ಕ್ಯಾಸೆಟ್, ಎಷ್ಟು ಸಿಡಿ ಹೋಯಿತು, ಎಷ್ಟು ಹಣ ಬಂತು ಎಂದು ಬಿಡಿಬಿಡಿಯಾಗಿ ಲೆಕ್ಕ ಇಟ್ಟಿದೆ. ಹಣವನ್ನು ಸಂಖ್ಯೆಯಿಂದ ಭಾಗಿಸುವ ಕೆಲಸವಷ್ಟೇ ನಮ್ಮದು.

2024ರಲ್ಲಿ ಅಲ್ಲಿ ಮಾರಾಟವಾದ ವಿನೈಲ್ ಎಲ್‌ಪಿಗಳು ಸುಮಾರು 4 ಕೋಟಿ 40 ಲಕ್ಷ, ಬಂದ ಹಣ ಸುಮಾರು 140 ಕೋಟಿ ಡಾಲರ್. ಒಂದಕ್ಕೆ 32 ಡಾಲರ್ ಆಸುಪಾಸು. ಸಿಡಿ ಸುಮಾರು 3 ಕೋಟಿ 30 ಲಕ್ಷ, ಹಣ 54 ಕೋಟಿ ಡಾಲರಿಗೆ ಸ್ವಲ್ಪ ಮೇಲೆ. ಒಂದಕ್ಕೆ 16 ಡಾಲರ್ 40 ಸೆಂಟ್. ಈಗ ಹಿಂದಕ್ಕೆ ಹೋಗೋಣ. ಎಲ್‌ಪಿಯ ಸುಗ್ಗಿ ಕಾಲವಾದ 1978ರಲ್ಲಿ 34 ಕೋಟಿ 13 ಲಕ್ಷ ಎಲ್‌ಪಿಗಳು 247 ಕೋಟಿ ಡಾಲರ್ ತಂದವು. ಒಂದಕ್ಕೆ 7 ಡಾಲರ್ 25 ಸೆಂಟ್. ಕೇಳಲು ಅಗ್ಗ. ಆದರೆ ಅಲ್ಲಿಂದ 2024ಕ್ಕೆ ಅಮೆರಿಕದ ಬೆಲೆ ಸೂಚ್ಯಂಕ 4.8 ಪಟ್ಟು ಏರಿದೆ. ಆ 7.25 ಇಂದಿನ 35 ಡಾಲರಿಗೆ ಸಮ. ಅಂದರೆ ಇವತ್ತಿನ ದುಬಾರಿ ಎಲ್‌ಪಿ ಅಂದಿನ ಅಗ್ಗದ ಎಲ್‌ಪಿಗಿಂತ ಮೂರು ಡಾಲರ್ ಕಡಿಮೆ. ಇನ್ನೂ ಹಿಂದೆ, ಕೊಲಂಬಿಯಾ ಕಂಪನಿ 1948ರ ಜೂನ್‌ನಲ್ಲಿ ಮೊದಲ 33⅓ ವೇಗದ ಎಲ್‌ಪಿಗಳನ್ನು ಹೊರತಂದಾಗ 12 ಇಂಚಿನ ಶಾಸ್ತ್ರೀಯ ಸಂಗೀತದ ರೆಕಾರ್ಡಿಗೆ 4 ಡಾಲರ್ 85 ಸೆಂಟ್. ಇಂದಿನ ಹಣದಲ್ಲಿ ಅದು 63 ಡಾಲರ್.

ಸಿಡಿಯ ಕಥೆ ಇನ್ನೂ ಕಡಿದಾಗಿದೆ. ಅಮೆರಿಕದ ಮಾರುಕಟ್ಟೆಗೆ ಸಿಡಿ ಬಂದ 1983ರಲ್ಲಿ ಹೋದದ್ದು 8 ಲಕ್ಷ, ಹಣ 1 ಕೋಟಿ 72 ಲಕ್ಷ ಡಾಲರ್, ಒಂದಕ್ಕೆ 21.50. ಇಂದಿನ ಲೆಕ್ಕದಲ್ಲಿ 67 ಡಾಲರ್ ದಾಟುತ್ತದೆ. 2000ದಲ್ಲಿ 94 ಕೋಟಿ 25 ಲಕ್ಷ ಸಿಡಿ ಮಾರಾಟವಾಗಿ ಸರಾಸರಿ 14 ಡಾಲರಿಗೆ ಇಳಿಯಿತು. ಇಂದಿನ 25 ಡಾಲರ್ 50 ಸೆಂಟ್. 2024ರಲ್ಲಿ 16.40. ನಲವತ್ತೊಂದು ವರ್ಷದಲ್ಲಿ ಸಿಡಿ ತನ್ನ ನಿಜಬೆಲೆಯ ಮುಕ್ಕಾಲು ಪಾಲು ಕಳೆದುಕೊಂಡಿದೆ. ಎಲ್ಲರೂ ವಿನೈಲ್ ವಿನೈಲ್ ಎಂದು ಓಡುತ್ತಿರುವಾಗ ಪಕ್ಕದ ಕಪಾಟಿನಲ್ಲಿ ಇಷ್ಟು ಸೋವಿಯಾಗಿ ಕೂತಿರುವ ವಸ್ತುವಿನ ಸುದ್ದಿಯೇ ಹೆಚ್ಚು ಕಿವಿಗೆ ಬೀಳದಿರುವುದು ನನಗೆ ಸೋಜಿಗ.

ಬೆಲೆಯನ್ನು ಸಂಬಳದ ಪಕ್ಕ ಇಟ್ಟು ನೋಡಿದವರೂ ಇದ್ದಾರೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಮ್ಯಾಟ್ ಬ್ರೆನನ್, ಓಸ್ಲೊ ವಿಶ್ವವಿದ್ಯಾಲಯದ ಕೈಲ್ ಡಿವೈನ್ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 1977ರ ಅಮೆರಿಕನ್ನರು ಒಂದು ಎಲ್‌ಪಿಗೆ ವಾರದ ಸರಾಸರಿ ಸಂಬಳದ 4.83% ಕೊಡುತ್ತಿದ್ದರು. 2013ರಲ್ಲಿ ಡೌನ್‌ಲೋಡ್ ಆಲ್ಬಮ್ಮಿಗೆ ಕೊಟ್ಟದ್ದು 1.22%. ನೂರು ರೂಪಾಯಿ ದುಡಿದವರು ಐದು ರೂಪಾಯಿ ಕೊಡುತ್ತಿದ್ದ ಕಡೆ ಒಂದೂಕಾಲು ಕೊಟ್ಟರು.

ಹಾಗಾದರೆ ನಿಟ್ಟುಸಿರು ಯಾಕೆ? ನಾವು ಎಲ್‌ಪಿಯನ್ನು 1978ರ ಎಲ್‌ಪಿಯ ಜೊತೆ ಹೋಲಿಸುತ್ತಿಲ್ಲ, ಕೈಯಲ್ಲಿರುವ ಫೋನಿನ ಜೊತೆ ಹೋಲಿಸುತ್ತಿದ್ದೇವೆ. ಸ್ಪಾಟಿಫೈ ಅಮೆರಿಕಕ್ಕೆ ಬಂದ 2011ರಿಂದ 2023ರ ಜುಲೈವರೆಗೆ ತಿಂಗಳ ಚಂದಾ 9.99 ಡಾಲರಿನಲ್ಲೇ ನಿಂತಿತ್ತು, 2024ರಲ್ಲಿ 11.99. ಒಂದು ಎಲ್‌ಪಿಯ ದುಡ್ಡಿನಲ್ಲಿ ಎರಡೂಮುಕ್ಕಾಲು ತಿಂಗಳು ಹತ್ತು ಕೋಟಿ ಹಾಡುಗಳ ಉಗ್ರಾಣ. ಇದೇ ಗುಣಾಕಾರವನ್ನು ನಮ್ಮಲ್ಲಿ ಮಾಡಿ. 2019ರ ಫೆಬ್ರುವರಿಯಲ್ಲಿ ಅದೇ ಕಂಪನಿ ಭಾರತಕ್ಕೆ ಬಂದಾಗ ತಿಂಗಳಿಗೆ 119 ರೂಪಾಯಿ. ಡಾಲರಿಗೆ 84 ರೂಪಾಯಿಯಂತೆ 32 ಡಾಲರಿನ ಎಲ್‌ಪಿ ಸುಮಾರು 2,690 ರೂಪಾಯಿ. ಸಾಗಣೆ, ಸುಂಕ ಬೇರೆ. ಆ ದರದಲ್ಲಿ ಒಂದು ಎಲ್‌ಪಿ ಅಂದರೆ 22 ತಿಂಗಳ ಚಂದಾ. ಅಮೆರಿಕದವರ ನಿಟ್ಟುಸಿರಿಗಿಂತ ಬೆಂಗಳೂರಿನವರ ನಿಟ್ಟುಸಿರು ಎಂಟು ಪಟ್ಟು ಉದ್ದವಿತ್ತು. ಇಲ್ಲಿ ಹೊಸ ಎಲ್‌ಪಿ ಕೊಳ್ಳುವವರು ಬೆರಳೆಣಿಕೆಯಷ್ಟೇ ಯಾಕೆ ಎಂಬುದಕ್ಕೆ ಅಭಿರುಚಿಯ ಚರ್ಚೆ ಬೇಡ. ಈ ಒಂದು ಭಾಗಾಕಾರ ಸಾಕು.

ಕೊಂಡದ್ದು ಪ್ಲಾಸ್ಟಿಕ್ಕೋ ಸಂಗೀತವೋ? ಸಂಗೀತ ಅನ್ನುವುದಾದರೆ ಅಳತೆ ನಿಮಿಷದಲ್ಲಿರಬೇಕು. 78ರ ವೇಗದ 10 ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ, 12 ಇಂಚಿನದಾದರೆ 4ಕ್ಕೆ ಸ್ವಲ್ಪ ಮೇಲೆ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಧ್ವನಿ ಹಿಡಿದಾಗ ಇದ್ದ ಜಾಗ ಅಷ್ಟೇ. ಮೇಣದ ಮೂಲಪ್ರತಿ ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಒತ್ತಿದ ಪ್ಲೇಟು ಮರಳಿ ಕಲ್ಕತ್ತದ ಅಂಗಡಿಗೆ ಬರಬೇಕಿತ್ತು. ಮೂರು ನಿಮಿಷದ ಹಾಡಿಗೆ ಅರ್ಧ ಭೂಮಿ ಸುತ್ತಿದ ಸಾಗಣೆ. 1908ರ ಹೊತ್ತಿಗೆ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದ ಮೇಲಷ್ಟೇ ಈ ಅಲೆದಾಟ ತಪ್ಪಿತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರು ಅದರ ತಿರುಳನ್ನು ಮೂರು ನಿಮಿಷಕ್ಕೆ ಇಳಿಸುವ ವಿದ್ಯೆ ಕಲಿತರು. ಆ ಮೂರು ನಿಮಿಷವೇನು ಕಡಿಮೆಯಲ್ಲ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಗದಗಿನ ಭೀಮಸೇನ ಜೋಶಿ ಎಂಬ ಹುಡುಗನ ಕಿವಿಗೆ ಬಿತ್ತು. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಹುಡುಗ ಮನೆ ಬಿಟ್ಟ. ಹುಡುಗನಿಗೆ ಆದ ಖರ್ಚು ಸೊನ್ನೆ.

ಎಲ್‌ಪಿ ಬಂದ ಮೇಲೆ ಒಂದು ಮಗ್ಗುಲಿಗೆ 22 ನಿಮಿಷ ಸಿಕ್ಕಿತು. ಮಲ್ಲಿಕಾರ್ಜುನ ಮನ್ಸೂರರದೋ ಭೀಮಸೇನ ಜೋಶಿಯವರದೋ ಎಲ್‌ಪಿ ಎಂದರೆ ಒಂದು ಮಗ್ಗುಲಿಗೆ ಒಂದು ರಾಗ ಎಂಬ ಲೆಕ್ಕ ಕೂತದ್ದು ಈ 22 ನಿಮಿಷದಿಂದ. ಧಾರವಾಡದ ಕೇಳುಗರು ರಾತ್ರಿ ಕೂತು ಕೇಳುತ್ತಿದ್ದದ್ದರ ಕಾಲು ಭಾಗವೂ ಅಲ್ಲ, ಆದರೂ 78ಕ್ಕಿಂತ ಏಳು ಪಟ್ಟು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ಮಾಡಿದ ‘ಕಾಲ್ ಆಫ್ ದ ವ್ಯಾಲಿ’ ಹುಟ್ಟಿದ್ದೇ ಈ ಎರಡು ಮಗ್ಗುಲಿನ ಅಳತೆಗೆ. ಒಂದು ಇಡೀ ದಿನದ ಕಥೆಯನ್ನು ಒಂದು ರೆಕಾರ್ಡಿನಲ್ಲಿ ಹೇಳುವ ಸಾಹಸ ಅದು. ಆಮೇಲೆ ಸಿಡಿ, 74 ನಿಮಿಷ, ಮಧ್ಯೆ ಎದ್ದು ಮಗ್ಗುಲು ಬದಲಿಸುವ ಕೆಲಸವೂ ಇಲ್ಲ. ನಿಮಿಷದ ಬೆಲೆ ತೆಗೆದರೆ, ಇಂದಿನ ಹಣದಲ್ಲಿ, 1948ರ ಎಲ್‌ಪಿ ನಿಮಿಷಕ್ಕೆ 1 ಡಾಲರ್ 40 ಸೆಂಟ್. 2024ರ 45 ನಿಮಿಷದ ಎಲ್‌ಪಿ 71 ಸೆಂಟ್. ಅದೇ ಸಂಗೀತ ಸಿಡಿಯಲ್ಲಿ 36 ಸೆಂಟ್.

ಇಷ್ಟಾದರೂ ನಿಮಿಷದ ಲೆಕ್ಕ ಅರ್ಧ ಸತ್ಯ. ಒಂದೇ ಸಲ ಕೇಳುವುದಾದರೆ ಯಾರೂ ಆಲ್ಬಂ ಕೊಳ್ಳಬೇಕಿಲ್ಲ. ಎಷ್ಟು ಸಲ ಕೇಳಿದಿರಿ ಎಂಬುದರಿಂದ ಬೆಲೆಯನ್ನು ಭಾಗಿಸಬೇಕು. 32 ಡಾಲರಿನ ಎಲ್‌ಪಿಯನ್ನು ಎರಡು ಸಲ ಕೇಳಿ ಕಪಾಟಿಗೆ ಸೇರಿಸಿದರೆ ಸಲಕ್ಕೆ 16 ಡಾಲರ್, ಸಿನಿಮಾ ಟಿಕೆಟ್ಟಿಗಿಂತ ದುಬಾರಿ. ನಲವತ್ತು ಸಲ ಕೇಳಿದರೆ 80 ಸೆಂಟ್. ಗೆಳೆಯರ ನಡುವೆ ‘ಎಷ್ಟು ಬಿತ್ತು’ ಎಂಬ ಪ್ರಶ್ನೆ ಕೇಳುವವರು ಆರು ತಿಂಗಳು ಬಿಟ್ಟು ‘ಎಷ್ಟು ಸಲ ಹಾಕಿದಿರಿ’ ಎಂದೂ ಕೇಳಬೇಕು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಲ್ಯೂಮಿನೇಟ್ ಎಂಬ ಮಾರುಕಟ್ಟೆ ಲೆಕ್ಕದ ಸಂಸ್ಥೆ ಕೆಲವು ವರ್ಷಗಳ ಹಿಂದೆ ಅದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಕೇಳಿತು. ಹಿಂದಿನ 12 ತಿಂಗಳಲ್ಲಿ ವಿನೈಲ್ ಕೊಂಡ ಅಮೆರಿಕನ್ನರಲ್ಲಿ ರೆಕಾರ್ಡ್ ಪ್ಲೇಯರ್ ಇದ್ದವರು ನೂರಕ್ಕೆ 50 ಮಾತ್ರ. ಉಳಿದರ್ಧ ಜನರ ಸಲದ ಬೆಲೆಯನ್ನು ಕಂಡುಹಿಡಿಯುವ ಹಾಗೆಯೇ ಇಲ್ಲ, ಸೊನ್ನೆಯಿಂದ ಭಾಗಿಸಲು ಗಣಿತ ಒಪ್ಪುವುದಿಲ್ಲ. ಅವರು ಗೋಡೆಗೆ ತೂಗುಹಾಕುತ್ತಾರೆ, ಹೊದಿಕೆಯ ಚಿತ್ರ ನೋಡುತ್ತಾರೆ, ನೆಚ್ಚಿನ ಗಾಯಕಿಗೆ ಹಣ ತಲುಪಿತೆಂದು ಸಮಾಧಾನಪಡುತ್ತಾರೆ. ತಪ್ಪೇನಿಲ್ಲ. ಅದು ಸಂಗೀತದ ಲೆಕ್ಕಕ್ಕೆ ಬಾರದು, ಅಷ್ಟೇ.

ಪ್ಲೇಯರ್ ಇರುವವರಿಗೆ ಸೂಜಿಯ ಖರ್ಚು. ಆಡಿಯೊ-ಟೆಕ್ನಿಕಾ ಕಂಪನಿ ತನ್ನ ದೀರ್ಘವೃತ್ತಾಕಾರದ ಸೂಜಿಗೆ 300 ಗಂಟೆ, ಮೈಕ್ರೋಲೀನಿಯರ್ ಸೂಜಿಗೆ 1,000 ಗಂಟೆ ಆಯಸ್ಸು ಹೇಳುತ್ತದೆ. ಮೊದಲನೆಯದರ ಬೆಲೆ 50 ಡಾಲರ್ ಎಂದಿಟ್ಟುಕೊಂಡರೆ 45 ನಿಮಿಷದ ಆಲ್ಬಂಗಳನ್ನು 400 ಸಲ ಹಾಕಬಹುದು, ಸಲಕ್ಕೆ 12.5 ಸೆಂಟ್, ಹತ್ತು ರೂಪಾಯಿ. ಆ ಸೂಜಿ ಒಂದು ಮಗ್ಗುಲಿನಲ್ಲಿ ಎಷ್ಟು ದೂರ ನಡೆಯುತ್ತದೆ ಗೊತ್ತೆ? 22 ನಿಮಿಷಕ್ಕೆ 733 ಸುತ್ತು, ಸರಾಸರಿ ಸುತ್ತಿನ ಉದ್ದ 65 ಸೆಂಟಿಮೀಟರ್. ಸುಮಾರು 475 ಮೀಟರ್. ಎರಡೂ ಮಗ್ಗುಲು ಸೇರಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಸವೆಯದೆ ಇನ್ನೇನು ಮಾಡೀತು.

ಇನ್ನು ಪ್ರಮಾಣ. 2022ರಲ್ಲಿ ಅಮೆರಿಕದಲ್ಲಿ 4 ಕೋಟಿ 10 ಲಕ್ಷ ಎಲ್‌ಪಿ, 3 ಕೋಟಿ 30 ಲಕ್ಷ ಸಿಡಿ ಮಾರಾಟವಾಗಿ, 1987ರ ನಂತರ ಮೊದಲ ಬಾರಿಗೆ ಸಂಖ್ಯೆಯಲ್ಲಿ ಎಲ್‌ಪಿ ಮುಂದೆ ಬಂತು. ಸುದ್ದಿ ದೊಡ್ಡದಾಯಿತು. 2006ರಲ್ಲಿ 9 ಲಕ್ಷಕ್ಕೆ ಕುಸಿದಿದ್ದ ವಸ್ತು ಇಷ್ಟಕ್ಕೆ ಏರಿದ್ದು ದೊಡ್ಡ ಸುದ್ದಿಯೇ. 2008ರ ಏಪ್ರಿಲ್ 19ರಂದು ಶುರುವಾದ ರೆಕಾರ್ಡ್ ಅಂಗಡಿ ದಿನಾಚರಣೆಯೂ ಅದಕ್ಕೆ ಹೆಗಲು ಕೊಟ್ಟಿತು. ಆದರೆ 1978ರ 34 ಕೋಟಿಯ ಪಕ್ಕದಲ್ಲಿ 4 ಕೋಟಿ 40 ಲಕ್ಷ ಎಂದರೆ ಎಂಟನೇ ಒಂದು ಭಾಗ. ಪುನರ್ಜನ್ಮ ಎಂಬ ಮಾತು ಪತ್ರಿಕೆಯ ತಲೆಬರಹಕ್ಕೆ ಒಪ್ಪುತ್ತದೆ, ಅಂಕಿಗೆ ಒಪ್ಪುವುದಿಲ್ಲ. ಉತ್ಪಾದನೆಯ ಬುಡ ಎಷ್ಟು ಕಿರಿದು ಎಂದರೆ, 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯದ ಬ್ಯಾನಿಂಗ್‌ನಲ್ಲಿ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ, ಮೂಲಪ್ರತಿ ಕೆತ್ತುವ ಲ್ಯಾಕರ್ ತಟ್ಟೆ ತಯಾರಿಸುವ ಘಟಕ ಇಡೀ ಜಗತ್ತಿನಲ್ಲಿ ಉಳಿದದ್ದು ಒಂದೇ, ಜಪಾನಿನಲ್ಲಿ.

ಈ 4 ಕೋಟಿ 40 ಲಕ್ಷದೊಳಗೆ ಕೆಲವರ ಪಾಲು ವಿಪರೀತ. ಟೇಲರ್ ಸ್ವಿಫ್ಟ್‌ ಅವರ ‘ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ 2024ರ ಏಪ್ರಿಲಿನಲ್ಲಿ ಮೊದಲ ವಾರವೇ 8 ಲಕ್ಷ 59 ಸಾವಿರ ವಿನೈಲ್ ಮಾರಿತು. ಆ ವರ್ಷ ಅಮೆರಿಕದಲ್ಲಿ ಹೋದ ಪ್ರತಿ ಐವತ್ತು ಎಲ್‌ಪಿಯಲ್ಲಿ ಸುಮಾರು ಒಂದು, ಒಬ್ಬರದು, ಒಂದೇ ವಾರದ್ದು. 2022ರ ‘ಮಿಡ್‌ನೈಟ್ಸ್’ ನಾಲ್ಕು ಬಣ್ಣದಲ್ಲಿ ಬಂತು. ನಾಲ್ಕೂ ಹೊದಿಕೆಗಳನ್ನು ಬೆನ್ನುಮೇಲಾಗಿ ಜೋಡಿಸಿದರೆ ಗಡಿಯಾರದ ಮುಖ. ಸರಾಸರಿ ಬೆಲೆಯಲ್ಲಿ 128 ಡಾಲರ್, ಒಳಗಿರುವ ಸಂಗೀತ ಮಾತ್ರ ಅದೇ 44 ನಿಮಿಷ. ಯಾಕೆ ಹೀಗೆ ಎಂಬುದಕ್ಕೆ ಬಿಲ್‌ಬೋರ್ಡ್ ಪಟ್ಟಿಯ ನಿಯಮ ಉತ್ತರಿಸುತ್ತದೆ. 2018ರಿಂದ ಹಲವು ವರ್ಷ ಅಲ್ಲಿದ್ದ ಲೆಕ್ಕ: ಚಂದಾದಾರರು 1,250 ಸಲ ಹಾಡು ಕೇಳಿದರೆ, ಪುಕ್ಕಟೆ ಕೇಳುಗರಾದರೆ 3,750 ಸಲ ಕೇಳಿದರೆ, ಒಂದು ಆಲ್ಬಂ ಕೊಂಡದ್ದಕ್ಕೆ ಸಮ. 13 ಹಾಡಿನ ‘ಮಿಡ್‌ನೈಟ್ಸ್’ ಕೊಂಡ ಒಬ್ಬ ಅಭಿಮಾನಿ, ಅದನ್ನು ಆದಿಯಿಂದ ಅಂತ್ಯದವರೆಗೆ 96 ಸಲ ಕೇಳಿದ ಚಂದಾದಾರನಿಗೆ ಸಮ. ನಾಲ್ಕೂ ಕೊಂಡವನು 385 ಸಲ ಕೇಳಿದವನಿಗೆ. ತಟ್ಟೆಯನ್ನು ಲಕೋಟೆಯಿಂದ ತೆಗೆಯದಿದ್ದರೂ ಸರಿ.

ಕೊರಿಯಾದಲ್ಲಿ ಈ ಗಣಿತ ಇನ್ನೂ ಮುಂದೆ ಹೋಗಿದೆ. ಅಲ್ಲಿ ಸಿಡಿಯ ಜೊತೆ ತಂಡದ ಸದಸ್ಯರ ಚಿತ್ರವಿರುವ ಪುಟ್ಟ ಕಾರ್ಡ್ ಬರುತ್ತದೆ, ಯಾರದು ಬರುತ್ತದೆ ಎಂಬುದು ಅದೃಷ್ಟ. ಸೆವೆಂಟೀನ್ ಎಂಬ ತಂಡದಲ್ಲಿ ಹೆಸರು ಏನೇ ಹೇಳಲಿ, ಇರುವವರು 13 ಜನ. ಒಂದು ಆಲ್ಬಮ್ಮಿಗೆ ಒಂದೇ ಕಾರ್ಡ್, ಎಲ್ಲರಿಗೂ ಸಮಾನ ಅವಕಾಶ ಎಂದಿಟ್ಟುಕೊಂಡರೆ ಹದಿಮೂರೂ ಕೈಸೇರಲು ಸರಾಸರಿ ಎಷ್ಟು ಆಲ್ಬಂ ಕೊಳ್ಳಬೇಕು? ಸಂಭವನೀಯತೆಯ ಪಾಠ ಓದಿದವರಿಗೆ ಗೊತ್ತು: 41. ಮೊದಲ ಏಳೆಂಟು ಕಾರ್ಡು ಬೇಗ ಸಿಗುತ್ತವೆ. ಕೊನೆಯ ಒಂದಕ್ಕಾಗಿಯೇ ಸರಾಸರಿ 13 ಆಲ್ಬಂ. ಅಭಿಮಾನಿಗಳು ಹಾಗಾಗಿ ಕಾರ್ಡುಗಳನ್ನು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುತ್ತಾರೆ. 2023ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಪ್ರತಿ ಮಾರಾಟವಾದ ಆಲ್ಬಂ ಈ ತಂಡದ ‘ಎಫ್‌ಎಂಎಲ್’, 60 ಲಕ್ಷಕ್ಕೂ ಮೇಲೆ. ಅಷ್ಟು ಪ್ರತಿ ಎಂದರೆ ಅಷ್ಟು ಜನ ಎಂದು ಯಾರೂ ಓದಬಾರದು.

ಕೊಟ್ಟ ಹಣ ಯಾರಿಗೆ ಹೋಯಿತು ಎಂಬ ಪ್ರಶ್ನೆಯನ್ನು ಕೊಳ್ಳುವವರು ಈಚೆಗೆ ಹೆಚ್ಚು ಕೇಳುತ್ತಿದ್ದಾರೆ. ಅಮೆರಿಕದಲ್ಲಿ ಹಾಡು ಬರೆದವರಿಗೆ ಪ್ರತಿ ಪ್ರತಿಗೆ ಸಲ್ಲಬೇಕಾದ ಗೌರವಧನವನ್ನು ಕಾನೂನು ಗೊತ್ತುಮಾಡುತ್ತದೆ. 1909ರಲ್ಲಿ ಹಾಡಿಗೆ 2 ಸೆಂಟ್ ಎಂದು ಬರೆದದ್ದು 1977ರ ಕೊನೆಯವರೆಗೂ ಅಲುಗಲಿಲ್ಲ. ಎರಡು ಮಹಾಯುದ್ಧ, ಒಂದು ಮಹಾಕುಸಿತ, ಗ್ರಾಮಾಫೋನು ಹೋಗಿ ಸ್ಟೀರಿಯೊ ಬಂದರೂ ಅದೇ ಎರಡು ಸೆಂಟ್. 2006ರಿಂದ 2022ರವರೆಗೆ 9.1 ಸೆಂಟಿನಲ್ಲಿ ನಿಂತಿತು, 2024ಕ್ಕೆ 12.4. ಹತ್ತು ಹಾಡಿನ ಎಲ್‌ಪಿಯಲ್ಲಿ ಬರೆದವರಿಗೆಲ್ಲ ಸೇರಿ 1 ಡಾಲರ್ 24 ಸೆಂಟ್, 32 ಡಾಲರಿನ ನೂರಕ್ಕೆ ನಾಲ್ಕು ಭಾಗ.

ಕಲಾವಿದರಿಂದಲೇ ನೇರ ಕೊಳ್ಳುವ ದಾರಿ ಬೇರೆ. ಬ್ಯಾಂಡ್‌ಕ್ಯಾಂಪ್ ಎಂಬ ಮಾರುಕಟ್ಟೆ ತಟ್ಟೆ, ಕ್ಯಾಸೆಟ್, ಅಂಗಿಯಂಥ ವಸ್ತುಗಳಲ್ಲಿ 10%, ಡೌನ್‌ಲೋಡಿನಲ್ಲಿ 15% ಮುರಿದುಕೊಳ್ಳುತ್ತದೆ. ಕೊರೋನಾದಿಂದ ಸಂಗೀತ ಕಛೇರಿಗಳು ನಿಂತುಹೋದ 2020ರ ಮಾರ್ಚ್ 20ರಂದು ತನ್ನ ಪಾಲನ್ನು ಬಿಟ್ಟುಕೊಟ್ಟಾಗ ಒಂದೇ ದಿನ ಅಭಿಮಾನಿಗಳು 43 ಲಕ್ಷ ಡಾಲರಿನ ಸಂಗೀತ ಕೊಂಡರು. 30 ಡಾಲರಿನ ಎಲ್‌ಪಿಯಲ್ಲಿ 3 ಡಾಲರ್ ಹೋಗಿ 27 ಉಳಿಯುತ್ತದೆ. ಅದರಲ್ಲಿ ಒತ್ತಿಸಿದ ಖರ್ಚು, ಹಣ ವರ್ಗಾವಣೆಯ ಖರ್ಚು ಕಳೆಯಬೇಕು, ಸರಿ. ಆದರೆ ಅದೇ 27 ಡಾಲರ್ ಸ್ಟ್ರೀಮಿಂಗ್‌ನಿಂದ ಬರಬೇಕಾದರೆ? ಸಲಕ್ಕೆ ಇಷ್ಟು ಎಂಬ ನಿಗದಿ ದರ ಅಲ್ಲಿಲ್ಲ; ಉದ್ಯಮದವರು ಸಾಮಾನ್ಯವಾಗಿ ಹಿಡಿಯುವುದು ಸೆಂಟಿನ ಮೂರನೇ ಒಂದರಿಂದ ಅರ್ಧದವರೆಗೆ. 0.4 ಸೆಂಟ್ ಎಂದು ಹಿಡಿದರೆ 6,750 ಸಲ. ಹತ್ತು ಹಾಡಿನ ಆಲ್ಬಂ ಪೂರ್ತಿ 675 ಸಲ ತಿರುಗಬೇಕು. ಅದರ ಮೇಲೆ 2024ರಿಂದ ಸ್ಪಾಟಿಫೈಯಲ್ಲಿ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. ಸಣ್ಣ ಕಲಾವಿದರ ಮಟ್ಟಿಗೆ ಒಬ್ಬ ಕೊಳ್ಳುಗ ಒಂದು ಊರಿಗೆ ಸಮ.

ಮನೆಗೆ ಬಂದದ್ದನ್ನು ಎಲ್ಲಿಡುವುದು? ಸಾಧಾರಣ ಎಲ್‌ಪಿಯ ತೂಕ 140 ಗ್ರಾಂ, ದಪ್ಪನೆಯದು 180. ಹೊದಿಕೆ ಸೇರಿಸಿದರೆ ಕಾಲು ಕಿಲೋ. ನೂರಕ್ಕೆ 25 ಕಿಲೋ, ಒಂದು ಅಕ್ಕಿ ಮೂಟೆ. ರೆಕಾರ್ಡ್ ಪ್ರಿಯರು ಜಗತ್ತಿನಾದ್ಯಂತ ಕೊಳ್ಳುವ ಐಕಿಯಾದ ಕಲ್ಲಾಕ್ಸ್ ಕಪಾಟಿನ ಒಂದು ಗೂಡಿಗೆ ಕಂಪನಿ ಹೇಳುವ ಭಾರದ ಮಿತಿ 13 ಕಿಲೋ. ಅಂದರೆ 52 ಎಲ್‌ಪಿ. ಗೂಡಿನ ಅಗಲ 33 ಸೆಂಟಿಮೀಟರ್, ನಾಲ್ಕು ಮಿಲಿಮೀಟರ್ ದಪ್ಪದ ರೆಕಾರ್ಡುಗಳು 80ರಷ್ಟು ಹಿಡಿಸುತ್ತವೆ. ಜಾಗ ಇನ್ನೂ ಇರುವಾಗಲೇ ತೂಕದ ಲೆಕ್ಕ ಮುಗಿದಿರುತ್ತದೆ. ತಿಂಗಳಿಗೆ ನಾಲ್ಕರಂತೆ ಕೊಂಡರೆ ಹತ್ತು ವರ್ಷಕ್ಕೆ 480, ತೂಕ 120 ಕಿಲೋ. ಬಾಡಿಗೆ ಮನೆ ಬದಲಿಸುವವರು ಒಮ್ಮೆ ಹೊತ್ತ ಮೇಲೆ ನೂರಕ್ಕೆ ಹತ್ತು ಕಿಲೋ ತೂಗುವ ಸಿಡಿಗೆ ಗೌರವ ಕೊಡಲು ಕಲಿಯುತ್ತಾರೆ.

ಪ್ಲಾಸ್ಟಿಕ್ಕಿನ ಲೆಕ್ಕವನ್ನೂ ಡಿವೈನ್ ಮಾಡಿದ್ದಾರೆ. ಅಮೆರಿಕದ ಸಂಗೀತ ಉದ್ಯಮ 1977ರಲ್ಲಿ ಬಳಸಿದ ಪ್ಲಾಸ್ಟಿಕ್ 5 ಕೋಟಿ 80 ಲಕ್ಷ ಕಿಲೋ, 2000ದಲ್ಲಿ 6 ಕೋಟಿ 10 ಲಕ್ಷ, 2016ಕ್ಕೆ 80 ಲಕ್ಷ. ಹಾಗೆಂದು ಫೋನಿನಲ್ಲಿ ಕೇಳುವವರು ಬೀಗುವಂತಿಲ್ಲ. ಪ್ಲಾಸ್ಟಿಕ್ ತಯಾರಿಕೆಯನ್ನೂ ಡಿಜಿಟಲ್ ಹಾಡುಗಳ ಸಂಗ್ರಹಣೆ, ಸಾಗಣೆಯ ವಿದ್ಯುತ್ತನ್ನೂ ಹಸಿರುಮನೆ ಅನಿಲಕ್ಕೆ ಪರಿವರ್ತಿಸಿದರೆ 1977ರಲ್ಲಿ 14 ಕೋಟಿ ಕಿಲೋ, 2016ರಲ್ಲಿ 20 ಕೋಟಿಯಿಂದ 35 ಕೋಟಿ ಕಿಲೋ. ಪ್ಲಾಸ್ಟಿಕ್ ಕಣ್ಣಿಗೆ ಬೀಳುತ್ತಿತ್ತು. ಹೊಗೆ ಬೇರೆ ಊರಿನ ವಿದ್ಯುತ್ ಸ್ಥಾವರದಲ್ಲಿ ಏಳುತ್ತದೆ.

ಇಷ್ಟೆಲ್ಲ ಲೆಕ್ಕದಲ್ಲಿ ನಿಜವಾಗಿ ಕೊರತೆ ಇರುವ ಸರಕು ಹಣವೂ ಅಲ್ಲ, ಜಾಗವೂ ಅಲ್ಲ, ಹೊತ್ತು. ಲ್ಯೂಮಿನೇಟ್ ಪ್ರಕಾರ 2023ರಲ್ಲಿ ದಿನಕ್ಕೆ ಸರಾಸರಿ 1,03,500 ಹೊಸ ಹಾಡುಗಳು ಸ್ಟ್ರೀಮಿಂಗ್ ಸೇವೆಗಳಿಗೆ ಸೇರಿದವು. ಹಾಡಿಗೆ ಮೂರು ನಿಮಿಷದಂತೆ, ಒಂದು ದಿನದ ಹಾಡು ಕೇಳಿ ಮುಗಿಸಲು ನಿದ್ದೆಗೆಟ್ಟು 215 ದಿನ ಕೂರಬೇಕು. ಆ ವರ್ಷ ಎಣಿಸಿದ 18 ಕೋಟಿ 40 ಲಕ್ಷ ಹಾಡುಗಳಲ್ಲಿ 4 ಕೋಟಿ 56 ಲಕ್ಷವನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಜನ ಮಾಡಿದ್ದೇನು? ಹಳೆಯದಕ್ಕೆ ಹೋದರು. ಅಮೆರಿಕದಲ್ಲಿ ಕೇಳಿದ, ಕೊಂಡ ಆಲ್ಬಂಗಳಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಪಾಲು ಒಂದೂವರೆ ವರ್ಷಕ್ಕಿಂತ ಹಳೆಯವು.

ಗೆಳೆಯರ ಶಿಫಾರಸಿನ ಬೆಲೆ ತಿಳಿಯುವುದು ಇಲ್ಲಿ. ನಾವೇ ಹೊದಿಕೆ ನೋಡಿ ಕೊಂಡ ಮೂರು ಸಿಡಿಯಲ್ಲಿ ಒಂದು ಮನಸ್ಸಿಗೆ ಹಿಡಿಸಿತು ಎಂದುಕೊಳ್ಳಿ. ಹಿಡಿಸಿದ ಆ ಒಂದಕ್ಕೆ ನಿಜವಾಗಿ ಬಿದ್ದದ್ದು ಮೂರರ ಬೆಲೆ, 49 ಡಾಲರ್. ನಮ್ಮ ರುಚಿ ಬಲ್ಲವರು ಹೇಳಿದ ಮೂರರಲ್ಲಿ ಎರಡು ಹಿಡಿಸಿದರೆ, ಹಿಡಿಸಿದ್ದೊಂದಕ್ಕೆ 24 ಡಾಲರ್ 60 ಸೆಂಟ್. ಬೆಲೆ ಅರ್ಧಕ್ಕಿಳಿಯಿತು, ಅಂಗಡಿಯವರು ಒಂದು ಪೈಸೆ ರಿಯಾಯಿತಿ ಕೊಡದೆ. ಆದರೆ ‘ಚೆನ್ನಾಗಿದೆ’ ಎಂಬ ಒಂದು ಪದದ ಶಿಫಾರಸಿಗೆ ಈ ಬೆಲೆ ಇಲ್ಲ. ಯಾವ ರೆಕಾರ್ಡಿಂಗ್, ಯಾವ ಹಾಡಿನಿಂದ ಶುರುಮಾಡಬೇಕು, ಎಷ್ಟನೇ ಸಲಕ್ಕೆ ಹಿಡಿಸಿತು ಎಂದು ಹೇಳುವವರದಕ್ಕೆ ಇದೆ. ಯಂತ್ರ ಸೂಚಿಸುವ ಪಟ್ಟಿ ನೀವು ಕೇಳಿದ್ದರ ಅಕ್ಕಪಕ್ಕದಲ್ಲೇ ಸುತ್ತುತ್ತದೆ. ರಾಕ್ ಕೇಳುವವರಿಗೆ ಮನ್ಸೂರರ ಎಲ್‌ಪಿ ಕೊಡುವ ಧೈರ್ಯ ಮನುಷ್ಯರಿಗೇ ಇರುವುದು.

ಕನ್ನಡದ ಕೇಳುಗರ ಬಹುಪಾಲು ಎಲ್‌ಪಿಯ ಕಾಲವನ್ನು ಹೊರಗಿನಿಂದಲೇ ನೋಡಿದರು; ಪ್ಲೇಯರ್ ಇದ್ದದ್ದು ಉಳ್ಳವರ ಮನೆಯಲ್ಲಿ, ಹೋಟೆಲಿನಲ್ಲಿ. ಆಲ್ಬಂ ಕೊಳ್ಳುವ ಚಟ ನಮ್ಮಲ್ಲಿ ಬೇರೂರಿದ್ದು ಕ್ಯಾಸೆಟ್ಟಿನಿಂದ. 1978ರ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಎಣಿಸುತ್ತಾರೆ, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಬಂದಾಗ ಲಹರಿಯ ಕ್ಯಾಸೆಟ್ ಮನೆಮನೆ ತಲುಪಿತು. 60 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ಅಂಗಡಿಯಲ್ಲಿ ಬರೆಸಿಕೊಂಡು ತುಂಬಿಸಿಕೊಳ್ಳುವ ಪದ್ಧತಿಯೂ ಇತ್ತು. ಕಾನೂನು ಒಪ್ಪದ ಆ ವ್ಯಾಪಾರದಲ್ಲಿ ಅಂಗಡಿಯವರ ಶಿಫಾರಸು ಪುಕ್ಕಟೆ. ಸಿಡಿ ನಮ್ಮಲ್ಲಿ ಬಂದು ಕೂರುವ ಹೊತ್ತಿಗೆ ಎಂಪಿ3 ಬಾಗಿಲಲ್ಲಿತ್ತು. ಮುಂಬೈಯ ರಿದಂ ಹೌಸ್ 2016ರ ಫೆಬ್ರುವರಿ ಕೊನೆಗೆ ಮುಚ್ಚಿತು. ಮತ್ತೆ 2024ರಲ್ಲಿ ಅದೇ ಮುಂಬೈಯಲ್ಲಿ ವಿನೈಲ್ ಒತ್ತುವ ಹೊಸ ಘಟಕವೊಂದು ಶುರುವಾಗಿದೆ, ದಶಕಗಳ ಬಿಡುವಿನ ನಂತರ. ಸಾಗಣೆಯ ಖರ್ಚಾದರೂ ಇಳಿಯಬಹುದು. ರೆಕಾರ್ಡಿನ ಬೆಲೆ ಮಾತ್ರ ಅಷ್ಟು ಸುಲಭಕ್ಕೆ ಇಳಿಯದು.

ತಿಂಗಳ ಖರೀದಿಗೆ ಮಿತಿ ಹಾಕಿಕೊಳ್ಳುವವರು ರೂಪಾಯಿಯ ಬದಲು ಗಂಟೆಯಿಂದ ಶುರುಮಾಡಬಹುದು. ಬೇರೇನೂ ಮಾಡದೆ ಕೂತು ಕೇಳಲು ದಿನಕ್ಕೆ ಒಂದು ಗಂಟೆ ಸಿಗುತ್ತದೆ ಎಂದರೆ ಅದೇ ಭಾಗ್ಯ. ವರ್ಷಕ್ಕೆ 365 ಗಂಟೆ, 45 ನಿಮಿಷದ ಆಲ್ಬಂ ಕೇಳಲು 486 ಸರದಿ. ಹೊಸದೊಂದು ಆಲ್ಬಂ ಒಳಗಿಳಿಯಲು ಐದು ಸಲವಾದರೂ ಬೇಕು. ಹಳೆಯದನ್ನು ಮುಟ್ಟುವುದೇ ಇಲ್ಲ ಎಂದು ಹಟ ಹಿಡಿದರೆ ವರ್ಷಕ್ಕೆ 97 ಹೊಸ ಆಲ್ಬಂ, ತಿಂಗಳಿಗೆ ಎಂಟು. ಸರದಿಯ ಅರ್ಧವನ್ನು ಕಪಾಟಿನಲ್ಲಿ ಆಗಲೇ ಇರುವವಕ್ಕೆ ಬಿಟ್ಟುಕೊಟ್ಟರೆ ನಾಲ್ಕು. ಹಿಡಿಸಿದ್ದನ್ನು ಹತ್ತು ಸಲ ಕೇಳುವ ಜಾತಿಯವರಿಗೆ ಎರಡು: ಸಿಡಿಯಾದರೆ 33 ಡಾಲರ್, ಎಲ್‌ಪಿಯಾದರೆ 64, ಹಳೆಯ ಅಂಗಡಿಯಲ್ಲಾದರೆ ಚೌಕಾಸಿಗೆ ಬಿಟ್ಟದ್ದು.